ಮಾತ್ರೆ ನುಂಗ್ತೀಯೋ ಇಲ್ವೋ?

ನಮ್ಮ ತಾಲ್ಲೂಕು ಆಸ್ಪತ್ರೆಯ ಹಿಂಬದಿಯ ಓಣಿಯಲ್ಲಿ ಒಂದು ಕೋಣೆ ಇದೆ. ಬಾಗಿಲ ಮೇಲೆ ‘ಎನ್‌ಸಿಡಿ ಕ್ಲಿನಿಕ್’ ಎಂದು ಬರೆದಿದ್ದಾರೆ. ಊರವರ ಬಾಯಲ್ಲಿ ಅದು ಬಿಪಿ–ಶುಗರ್ ರೂಮು. ಹದಿನಾಲ್ಕು ವರ್ಷದಿಂದ ನನಗೂ ಸಕ್ಕರೆ ಕಾಯಿಲೆ ಇರುವುದರಿಂದ ಆ ಕೋಣೆಯ ಮುಂದಿನ ಸಿಮೆಂಟು ಕಟ್ಟೆ ನನಗೆ ಹಳೆಯ ಸ್ಟಾಫ್ ರೂಮಿನಷ್ಟೇ ಪರಿಚಿತ. ಹೋದ ವರ್ಷ ಒಂದು ಬುಧವಾರ ನನ್ನ ಮುಂದಿನ ಸರದಿ ಅರವತ್ತು ದಾಟಿದ ಒಬ್ಬ ಹೆಂಗಸಿನದ್ದು. ನಾಲೆ ಬಯಲಿನ ಹಳ್ಳಿಯವರು, ನಾಟಿ, ಕಳೆ, ಕಬ್ಬಿನ ಸೋಗೆ ಎಂದು ವರ್ಷವಿಡೀ ಕೂಲಿಗೆ ಹೋಗುವವರು. ಅವರ ಮಗ ಒಂದು ಕಾಲಕ್ಕೆ ನನ್ನ ಕ್ಲಾಸಿನಲ್ಲಿದ್ದ.

ಡಾಕ್ಟರು ಪುಸ್ತಕ ತೆರೆದರು, ಅಂಕಿ ನೋಡಿದರು, ತಲೆ ಎತ್ತಲಿಲ್ಲ. “ಏನಮ್ಮಾ, ಮುನ್ನೂರ ಇಪ್ಪತ್ತಿದೆ. ಮಾತ್ರೆ ನುಂಗ್ತೀಯೋ ಇಲ್ವೋ?”

“ನುಂಗ್ತೀನಿ ಕಣ್ ಸಾ.”

“ನುಂಗಿದ್ರೆ ಇಷ್ಟ್ಯಾಕೆ ಬರುತ್ತೆ? ಹೇಳಿದ್ ಮಾತು ಕೇಳಲ್ಲ ನೀವು. ಹಿಂಗೇ ಮಾಡಿದ್ರೆ ಇಂಜೆಕ್ಷನ್‌ಗೆ ಹಾಕ್ತೀನಿ ನೋಡು.”

ಪುಸ್ತಕದಲ್ಲಿ ಒಂದು ಮಾತ್ರೆ ಹೆಚ್ಚಾಯಿತು. ಎರಡು ನಿಮಿಷವೂ ಆಗಿರಲಿಲ್ಲ. ನಾನು ನನ್ನ ಸರದಿ ಮುಗಿಸಿಕೊಂಡು ಬಂದಾಗ ಆಕೆ ಔಷಧಿ ಕಿಟಕಿಯ ಸಾಲಿನಿಂದ ವಾಪಸಾಗಿ ಕಟ್ಟೆಯ ಮೇಲೆ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದರು. ಯಾಕವ್ವಾ, ನಿಜವಾಗ್ಲೂ ನುಂಗ್ತೀರಾ ಎಂದು ಕೇಳಿದೆ. ಮೇಷ್ಟರ ಹತ್ತಿರ ಸುಳ್ಳು ಹೇಳಬೇಕಾದ ಕಷ್ಟ ಅವರಿಗಿರಲಿಲ್ಲ.

“ಮನೇಲಿರೋ ದಿನ ನುಂಗ್ತೀನಿ ಮೇಷ್ಟ್ರೇ. ಕೂಲಿಗೋಗೋ ದಿನ ನುಂಗಕಿಲ್ಲ. ಆ ಸಣ್ಮಾತ್ರೆ ನುಂಗಿ ಗದ್ದೆಗೋದ್ರೆ ಒಂಬತ್ತು ಗಂಟೆ ವೊತ್ಗೆ ಕೈಕಾಲು ಅದುರ್ತವೆ, ಬೆವ್ರು ಕಿತ್ಕೊಂಡ್ ಬತ್ತದೆ, ಕಣ್ ಕತ್ಲೆ. ನುಂಗ್ದೆ ಓದ್ರೆ ಏನೂ ಆಗಕಿಲ್ಲ. ಇಟ್ಟುಣ್ಣದು ಅನ್ನೊಂದು ಗಂಟೆಗೆ.”

ಆ ‘ಸಣ್ಣ ಮಾತ್ರೆ’ ಗ್ಲಿಮೆಪಿರೈಡ್. ಹೊಟ್ಟೆಗೆ ಏನಾದರೂ ಬಿದ್ದಿದೆಯೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ, ಮೇದೋಜೀರಕ ಗ್ರಂಥಿಯನ್ನು ಚುಚ್ಚಿ ಇನ್ಸುಲಿನ್ ಹೊರಡಿಸುತ್ತದೆ. ಆದ್ದರಿಂದಲೇ ಅದನ್ನು ದಿನದ ಮೊದಲ ಊಟದ ಜೊತೆಗೋ ಅದಕ್ಕೆ ಸ್ವಲ್ಪ ಮುಂಚೆಯೋ ತೆಗೆದುಕೊಳ್ಳಬೇಕು. ಪುಸ್ತಕದಲ್ಲಿ ಬರೆದಿದ್ದದ್ದು ‘ಬೆಳಿಗ್ಗೆ ತಿಂಡಿಗೆ ಮುಂಚೆ’. ಎಂಟೂವರೆಗೆ ಇಡ್ಲಿ ತಿನ್ನುವವರು ಬರೆದ ವಾಕ್ಯ ಅದು. ಆರು ಗಂಟೆಗೆ ಒಂದು ಲೋಟ ಟೀ ಕುಡಿದು ಗದ್ದೆಗಿಳಿದು ಹನ್ನೊಂದಕ್ಕೆ ಮುದ್ದೆ ಉಣ್ಣುವವರ ದಿನಚರಿಯಲ್ಲಿ ‘ತಿಂಡಿ’ ಎಂಬ ಪದಾರ್ಥವೇ ಇಲ್ಲ. ಆಕೆ ಏನು ಮಾಡಿದರು ನೋಡಿ: ಮಾತ್ರೆ ನುಂಗಿದ ದಿನ, ನುಂಗದ ದಿನ, ಕೂಲಿಯ ದಿನ, ಮನೆಯ ದಿನ ಎಂದು ನಾಲ್ಕನ್ನೂ ಹೋಲಿಸಿದರು. ಕಾರಣ ಕಂಡುಕೊಂಡರು. ಅದರಂತೆ ನಡೆದರು. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ್ದೇನೆ. ಪ್ರಯೋಗ ಎಂದರೆ ಇದೇ. ಆ ದಿನ ಆ ಕೋಣೆಯಲ್ಲಿ ವೈಜ್ಞಾನಿಕ ಮನೋಭಾವ ಮೇಜಿನ ಯಾವ ಕಡೆ ಕೂತಿತ್ತು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ.

ಆದರೆ ಈ ಸಂಗತಿ ಡಾಕ್ಟರಿಗೆ ಗೊತ್ತಾಗಲಿಲ್ಲ. ಗೊತ್ತಾಗುವಂತೆ ಅವರು ಕೇಳಲೂ ಇಲ್ಲ. ‘ನುಂಗ್ತೀಯೋ ಇಲ್ವೋ’ ಎಂಬುದಕ್ಕೆ ಇರುವುದು ಎರಡೇ ಉತ್ತರ; ಒಂದಕ್ಕೆ ಬೈಗುಳ, ಇನ್ನೊಂದಕ್ಕೆ ಬಿಡುಗಡೆ. ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಬಹುದಾದ ಪ್ರಶ್ನೆ ಅದು.

ನಮ್ಮಲ್ಲಿ ವಿಚಾರವಾದಿಗಳು ಎನಿಸಿಕೊಂಡವರು ಕರ್ಮಸಿದ್ಧಾಂತವನ್ನು ಸಾಕಷ್ಟು ಹಿಗ್ಗಾಮುಗ್ಗಾ ಎಳೆದಾಡಿದ್ದೇವೆ. ಕುರುಡಾಗಿ ಹುಟ್ಟಿದವನಿಗೆ, ಕುಷ್ಠ ಬಂದವನಿಗೆ ‘ನೀನು ಮಾಡಿದ್ದನ್ನು ನೀನು ಉಣ್ಣುತ್ತಿದ್ದೀಯ’ ಎನ್ನುವುದು ಕ್ರೌರ್ಯ. ಅದಕ್ಕಿಂತ ಹೆಚ್ಚಾಗಿ ಅದು ಸೋಮಾರಿತನ. ಕಾರಣ ಹುಡುಕುವ ಶ್ರಮವನ್ನು ಅದು ತಪ್ಪಿಸುತ್ತದೆ. ಈ ಸಿದ್ಧಾಂತ ದೇವಸ್ಥಾನದ ಅಂಗಳದಲ್ಲಿ ಮಾತ್ರ ಬದುಕಿದೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಬಿಪಿ–ಶುಗರ್ ರೂಮಿನಲ್ಲಿ ಅದು ಬಿಳಿ ಕೋಟು ತೊಟ್ಟು ಆರಾಮವಾಗಿ ಓಡಾಡುತ್ತಿದೆ. ಹಿಂದಿನ ಜನ್ಮದ ಬದಲು ಹೋದ ತಿಂಗಳು ಎಂದಿದೆ, ಅಷ್ಟೆ. ಶುಗರ್ ಏರಿತೇ? ಬಾಯಿ ಕಟ್ಟಲಿಲ್ಲ. ಬಿಪಿ ಏರಿತೇ? ಉಪ್ಪು ಬಿಡಲಿಲ್ಲ. ಕಾಲಿಗೆ ಹುಣ್ಣಾಯಿತೇ? ನೋಡಿಕೊಳ್ಳಲಿಲ್ಲ. ಮಾಡಿದ್ದುಣ್ಣೋ ಮಾರಾಯ.

ರೋಗಿಯ ಹೊಣೆ ಏನೂ ಇಲ್ಲವೇ ಎಂದರೆ, ಇದೆ. ನನ್ನನ್ನೇ ತೆಗೆದುಕೊಳ್ಳಿ. ನನಗೆ ಪಿಂಚಣಿ ಬರುತ್ತದೆ, ಮನೆಯಲ್ಲಿ ಫ್ರಿಜ್ ಇದೆ, ಗ್ಲೂಕೋಮೀಟರ್ ಇದೆ, ಕಾಯಿಲೆಯ ಬಗ್ಗೆ ಪುಸ್ತಕ ಓದಬಲ್ಲೆ. ಹೀಗಿದ್ದೂ ಎಷ್ಟೋ ವರ್ಷ ಪರೀಕ್ಷೆಗೆ ಮೂರು ದಿನ ಮುಂಚೆ ಅನ್ನ ಬಿಟ್ಟು, ಸೊಪ್ಪು ತಿಂದು, ಮೈದಾನ ಸುತ್ತಿ, ಖಾಲಿ ಹೊಟ್ಟೆಯ ರಕ್ತ ಕೊಟ್ಟು, ಬರುವಾಗ ದಾರಿಯಲ್ಲಿ ಮಸಾಲೆ ದೋಸೆ ತಿಂದು ಬಂದಿದ್ದೇನೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಉರು ಹೊಡೆಯುವ ಹುಡುಗರನ್ನು ಬೈಯುತ್ತಿದ್ದ ಮೇಷ್ಟರು ನಾನೇ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಬಂದ ಮೇಲೆ ಈ ಆಟ ನಿಂತಿತು. ರಕ್ತದ ಕೆಂಪು ಕಣಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅಳೆದು ಸುಮಾರು ಮೂರು ತಿಂಗಳ ಸರಾಸರಿಯನ್ನು ಅದು ಒಪ್ಪಿಸಿಬಿಡುತ್ತದೆ. ಆದರೆ ನಾನು ಯಾಕೆ ಮೋಸ ಮಾಡುತ್ತಿದ್ದೆ? ನನ್ನ ದೇಹಕ್ಕೆ ನಾನೇ ಮಾಡಿಕೊಳ್ಳುವ ಮೋಸದಿಂದ ಲಾಭವೇನು? ಅರವತ್ತರ ಮುದುಕ ಬೈಸಿಕೊಳ್ಳುವುದು ತಪ್ಪುತ್ತಿತ್ತು, ಲಾಭ ಅದೊಂದೇ. ಬೈಗುಳದ ಹೆದರಿಕೆ ಸಕ್ಕರೆಯನ್ನು ಇಳಿಸಲಿಲ್ಲ, ಸುಳ್ಳನ್ನು ಕಲಿಸಿತು.

ಓದಿಲ್ಲದವರು, ಬಡವರು, ಮೂಢರು ಮಾತ್ರೆ ತಪ್ಪಿಸುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ತಂದ ವರದಿಯೊಂದು ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಮಂದಿಯಷ್ಟೇ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುತ್ತಾರೆ ಎಂದು ಹೇಳಿತು. ಅಲ್ಲಿ ಓದಿಗೂ ಕೊರತೆಯಿಲ್ಲ, ವಿಜ್ಞಾನಕ್ಕೂ ಕೊರತೆಯಿಲ್ಲ. ಇದಕ್ಕಿಂತ ಹಳೆಯ, ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ತುಮಕೂರಿನದೇ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1960ರ ಸುಮಾರಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕೆಲಸ ಶುರು ಮಾಡಿತು. ಆಗ ಬಲ್ಲವರ ನಡುವೆ ಇದ್ದ ಮಾತು ಏನೆಂದರೆ, ಹಳ್ಳಿಯವರಿಗೆ ಕ್ಷಯದ ಲಕ್ಷಣವೇ ತಿಳಿಯುವುದಿಲ್ಲ, ತಿಳಿದರೂ ಅವರು ಆಸ್ಪತ್ರೆಗೆ ಬರುವುದಿಲ್ಲ, ಮಂತ್ರ–ತಾಯತ ಎಂದು ಕೂರುತ್ತಾರೆ. ಹಾಗಾಗಿ ಎಕ್ಸ್‌ರೇ ಗಾಡಿ ತೆಗೆದುಕೊಂಡು ನಾವೇ ಹೋಗಿ ಹಿಡಿಯಬೇಕು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇರುವವರ ಮನೆಗೇ ಜನರನ್ನು ಕಳಿಸಿ, ಕೂತು ಕೇಳಿಸಿದರು. 1963ರಲ್ಲಿ ಅಚ್ಚಾದ ಅವರ ಅಧ್ಯಯನದ ಪ್ರಕಾರ ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು; ಹೆಚ್ಚಿನವರು ಅದರ ಬಗ್ಗೆ ಚಿಂತೆ ಮಾಡುತ್ತಿದ್ದರು; ಸರಿಸುಮಾರು ಅರ್ಧದಷ್ಟು ಮಂದಿ ಅದಾಗಲೇ ಇಂಗ್ಲಿಷ್ ಔಷಧಿಯ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ನೋಡಿದವರಿಲ್ಲ. ಕಣ್ಣು ಬಿಡಬೇಕಾದವರು ಹಳ್ಳಿಯವರಾಗಿರಲಿಲ್ಲ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ಊರಿನ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಸಬೇಕು ಎಂಬ ತೀರ್ಮಾನದ ಹಿಂದೆ ಈ ಅಧ್ಯಯನದ ತೂಕವಿತ್ತು. ನನ್ನ ಮಟ್ಟಿಗೆ ಇದು ಕರ್ನಾಟಕದ ನೆಲದಲ್ಲಿ ನಡೆದ ಅತಿ ದೊಡ್ಡ ವೈಚಾರಿಕ ಕೆಲಸಗಳಲ್ಲಿ ಒಂದು. ಪವಾಡ ಬಯಲು ಮಾಡಿದ ಸಭೆಗಳಷ್ಟು ಸದ್ದು ಮಾಡಲಿಲ್ಲ, ಅಷ್ಟೆ.

ಇನ್ನು ಗುರಿಯ ಮಾತು. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಹೇಳುವ ಗುರಿ ‘ಏಳರ ಕೆಳಗೆ’. ಮೂರು ತಿಂಗಳ ಸರಾಸರಿ ಶೇ. 7ಕ್ಕಿಂತ ಕಡಿಮೆ ಇರಬೇಕು ಎಂದು ಅರ್ಥ. ಈ ಏಳು ಆಕಾಶದಿಂದ ಬಿದ್ದದ್ದಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ 1998ರಲ್ಲಿ ಫಲಿತಾಂಶ ಕೊಟ್ಟ ದೊಡ್ಡ ಅಧ್ಯಯನದಲ್ಲಿ ಸರಾಸರಿ 7ರ ಆಸುಪಾಸಿನಲ್ಲಿದ್ದವರಿಗೆ, 7.9ರ ಆಸುಪಾಸಿನಲ್ಲಿದ್ದವರಿಗಿಂತ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಕಾಲು ಭಾಗದಷ್ಟು ಕಡಿಮೆಯಿತ್ತು. ಹಾಗಾದರೆ ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ? ಅಮೆರಿಕ ಮತ್ತು ಕೆನಡಾದಲ್ಲಿ ಅದನ್ನೂ ಪರೀಕ್ಷಿಸಿದರು. ಹೃದಯದ ಅಪಾಯವಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆರರ ಕೆಳಗೆ ಇಳಿಸುವ ಪಟ್ಟು. 2008ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು: ಬಿಗಿ ಪಟ್ಟಿನ ಗುಂಪಿನಲ್ಲಿ 257 ಸಾವು, ಉಳಿದವರಲ್ಲಿ 203. ಅಂಕಿಯನ್ನು ಗೆದ್ದು ಮನುಷ್ಯರನ್ನು ಕಳೆದುಕೊಂಡರು. ಎಂಬತ್ತು ದಾಟಿದ, ಹೃದಯ ಸೋತ, ಒಂಟಿಯಾಗಿ ಮಲಗುವ ಮುದುಕಿಗೆ ಎಂಟರ ಕೆಳಗಿದ್ದರೆ ಸಾಕು, ರಾತ್ರಿ ಶುಗರ್ ಇಳಿದು ಬಚ್ಚಲಲ್ಲಿ ಬಿದ್ದು ತೊಡೆಮೂಳೆ ಮುರಿಯದಿರಲಿ ಎಂದು ಈಗ ತಿಳಿದ ವೈದ್ಯರೇ ಹೇಳುತ್ತಾರೆ. ಗುರಿಗೆ ವಯಸ್ಸಿದೆ, ಮನೆಯಿದೆ, ಕಸುಬಿದೆ. ಆ ಕೂಲಿಯ ಹೆಂಗಸಿಗೆ ಒಂಬತ್ತು ಗಂಟೆಯ ಬಿಸಿಲಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ಎಚ್ಚರ ತಪ್ಪದೆ ನಿಲ್ಲುವುದೂ ಚಿಕಿತ್ಸೆಯ ಗುರಿಯೇ. ಅವರನ್ನು ಕೇಳದೆ ಅದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಇಂಜೆಕ್ಷನ್ನಿನ ಬೆದರಿಕೆ ನೆನಪಾಗಿ ನನಗೆ ಈಗಲೂ ಬೇಸರವಾಗುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮೊದಲು ಅಂಥ ಮಕ್ಕಳಿಗೆ ಇದ್ದ ಉಪಚಾರ ಹಸಿವು. ಉಪವಾಸ ಕೆಡವಿ ಸಾವನ್ನು ಕೆಲವು ತಿಂಗಳು ಮುಂದಕ್ಕೆ ಹಾಕುವುದು. ಕಂಡುಹಿಡಿದವರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಮನುಷ್ಯ ಜಾತಿ ಹೆಮ್ಮೆ ಪಡಬೇಕಾದ ಆ ವಸ್ತುವನ್ನು ನಾವು ಗುಮ್ಮ ಮಾಡಿಕೊಂಡಿದ್ದೇವೆ. ‘ಮಾತು ಕೇಳದಿದ್ದರೆ ಇಂಜೆಕ್ಷನ್’ ಎಂದು ಹತ್ತು ವರ್ಷ ಹೆದರಿಸಿ, ಹನ್ನೊಂದನೇ ವರ್ಷ ನಿಜವಾಗಿ ಬೇಕಾದಾಗ ರೋಗಿ ಬೇಡ ಎಂದು ಓಡಿಹೋದರೆ ತಪ್ಪು ಯಾರದ್ದು? ‘ಇನ್ಸುಲಿನ್ ಹಾಕಿದ ಮೇಲೆ ನಮ್ಮಪ್ಪ ಉಳೀಲಿಲ್ಲ’ ಎನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ತಡವಾಗಿ ಹಾಕಿದ್ದರಿಂದ ಉಳಿಯಲಿಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಹೀಗೆ ಓಡಿದವರು ಎಲ್ಲಿಗೆ ಹೋಗುತ್ತಾರೆ? ‘ಬುಡಸಮೇತ ಕಿತ್ತು ಹಾಕುತ್ತೇವೆ’ ಎನ್ನುವ ಪುಡಿಯವರ ಹತ್ತಿರ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಗುಣ ಮಾಡುತ್ತೇವೆಂದು ಜಾಹೀರಾತು ಕೊಡಬಾರದೆಂದು 1954ರಷ್ಟು ಹಿಂದೆಯೇ ಕಾಯಿದೆ ಆಗಿದೆ. ಬಸ್ ಸ್ಟ್ಯಾಂಡಿನ ಗೋಡೆಗೆ ಆ ಕಾಯಿದೆ ಓದಲು ಬಾರದು. ಒಮ್ಮೆ ಕುತೂಹಲಕ್ಕೆಂದು ನಾನೂ ಅಂಥವರೊಬ್ಬರ ಅಂಗಡಿಗೆ ಹೋಗಿ ಕೂತಿದ್ದೆ. ಬಯಲು ಮಾಡಬೇಕು ಎಂಬ ಹುಮ್ಮಸ್ಸು. ಆತ ನನ್ನ ಮುಂದೆ ಕೂತಿದ್ದ ರೈತನನ್ನು ಕಾಲು ಗಂಟೆ ಮಾತಾಡಿಸಿದ: ಎಷ್ಟು ಹೊತ್ತಿಗೆ ಏಳ್ತೀರಿ, ಏನುಣ್ತೀರಿ, ನಿದ್ದೆ ಬರುತ್ತಾ, ಮಗಳ ಮದುವೆ ಸಾಲ ತೀರಿತಾ. ಕೊಟ್ಟ ಪುಡಿ ಬರೀ ಬೂದಿಯೋ ಏನೋ. ಕೆಲವು ಇಂಥ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪ್ರಯೋಗಾಲಯಗಳಲ್ಲಿ ಸಿಕ್ಕಿಬಿದ್ದಿದೆ, ಅದು ಇನ್ನೂ ಅಪಾಯ. ಆದರೆ ಪ್ರಶ್ನೆಗಳು? ಅವೆಲ್ಲ ಸರಿಯಾದ ಪ್ರಶ್ನೆಗಳಾಗಿದ್ದವು. ಸರಿಯಾದ ಔಷಧಿ ಇದ್ದ ಕಡೆ ಅವನ್ನು ಕೇಳುವವರಿರಲಿಲ್ಲ. ಬಯಲು ಮಾಡುವ ಹುಮ್ಮಸ್ಸು ಅರ್ಧ ಇಳಿದು ಮನೆಗೆ ಬಂದೆ.

ನಂಬಿಕೆಯವರ ಜೊತೆ ನಡೆದುಕೊಳ್ಳುವಾಗ ನಮ್ಮಂಥವರಿಗೆ ಇನ್ನೊಂದು ಕಂಟಕವಿದೆ. ಏಕಾದಶಿ ಉಪವಾಸ ಮಾಡುವ ಅಜ್ಜಿಗೋ ರಂಜಾನ್ ರೋಜಾ ಇರುವ ದರ್ಜಿಗೋ ‘ಅದೆಲ್ಲ ಬಿಡಿ’ ಎಂದು ಹೇಳಿಬಿಡುವುದು ನಮಗೆ ಸುಲಭ. ಅವರು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ. ಉಪವಾಸದ ದಿನ ಯಾವ ಮಾತ್ರೆ ಇಳಿಸಬೇಕು, ಯಾವ ಲಕ್ಷಣ ಕಂಡರೆ ಒಡನೆ ಮುರಿಯಬೇಕು ಎಂದು ಮೊದಲೇ ಕೂತು ಮಾತಾಡಿದರೆ ಒಂದು ಜೀವ ಉಳಿಯುತ್ತದೆ. ಕಾಲಿನ ಸ್ಪರ್ಶ ಸತ್ತಿರುವ ಸಕ್ಕರೆ ಕಾಯಿಲೆಯವರು ಮಧ್ಯಾಹ್ನ ಗುಡಿಯ ಕಾದ ಚಪ್ಪಡಿಯ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಳ್ಳುತ್ತಾರೆ, ಸುಟ್ಟದ್ದು ಸಂಜೆ ಬೊಬ್ಬೆ ಎದ್ದ ಮೇಲೇ ಗೊತ್ತಾಗುವುದು. ಅವರಿಗೆ ದೇವರಿಲ್ಲ ಎಂದು ನಾನು ವಾದ ಹೂಡಬಹುದು. ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ ಬನ್ನಿ ಎಂದೂ ಹೇಳಬಹುದು. ಎರಡನೆಯದು ಹೇಳಲು ನನಗೆ ಐವತ್ತು ವರ್ಷ ಬೇಕಾಯಿತು.

ಮನೆಯೊಳಗಿನ ಸಂಗತಿಯನ್ನು ಇಲ್ಲಿ ಬಿಡುವಂತಿಲ್ಲ. ನನಗೆ ಶುಗರ್ ಎಂದು ಗೊತ್ತಾದ ವಾರವೇ ನಮ್ಮ ಮನೆಯ ಅಡುಗೆ ಬದಲಾಯಿತು. ಮುದ್ದೆ ಚಿಕ್ಕದಾಯಿತು, ಪಲ್ಯ ದೊಡ್ಡದಾಯಿತು. (ರಾಗಿ ತಿಂದರೆ ಶುಗರ್ ಬರುವುದಿಲ್ಲ ಎಂಬುದು ನಮ್ಮ ಸೀಮೆಯ ಪ್ರೀತಿಯ ಭ್ರಮೆ, ರಾಗಿಯ ಬಹುಪಾಲು ಪಿಷ್ಟವೇ, ಎರಡು ದಪ್ಪ ಮುದ್ದೆ ನುಂಗಿದರೆ ಏರುವುದು ಏರಿಯೇ ಏರುತ್ತದೆ.) ನನ್ನ ಹೆಂಡತಿ ನನ್ನ ಮಾತ್ರೆಯನ್ನು ನೀರಿನ ಲೋಟದ ಜೊತೆ ತಂದಿಡುತ್ತಾಳೆ. ಐದು ವರ್ಷದ ಮೇಲೆ ಅವಳಿಗೆ ಬಿಪಿ ಬಂತು. ದಿನಕ್ಕೆ ಐದು ಗ್ರಾಂ ಒಳಗೆ ಉಪ್ಪು ಎಂದು ಚೀಟಿ ಬರೆದುಕೊಟ್ಟರು. ಮನೆಯ ಬಸ್ಸಾರಿನ ಉಪ್ಪು ಮಾತ್ರ ಇಳಿಯಲಿಲ್ಲ, ಯಾಕೆಂದರೆ ಮಗನಿಗೆ ಸಪ್ಪೆಯಾಗುತ್ತಿತ್ತು. ‘ನನಗೊಬ್ಬಳಿಗೆ ಬೇರೆ ಸಾರು ಕುದಿಸ್ಲಾ?’ ಎಂದಳು. ಅವಳ ಮಾತ್ರೆ ತಂದಿಡುವವರು ಯಾರು ಎಂದು ಯೋಚಿಸಿದ ದಿನ ನನಗೆ ನಾಚಿಕೆಯಾಯಿತು. ಗಂಡಸಿಗೆ ಶುಗರ್ ಬಂದರೆ ಮನೆ ಪಥ್ಯ ಮಾಡುತ್ತದೆ, ಹೆಂಗಸಿಗೆ ಬಂದರೆ ಮನೆ ಉಪದೇಶ ಮಾಡುತ್ತದೆ. ಆಸ್ಪತ್ರೆಯಲ್ಲಿ ‘ಮಾತು ಕೇಳದ ರೋಗಿ’ ಎಂದು ಬರೆಸಿಕೊಳ್ಳುವ ಎಷ್ಟೋ ಹೆಂಗಸರು ದಿನವಿಡೀ ಎಲ್ಲರ ಮಾತು ಕೇಳಿ ಸುಸ್ತಾದವರು.

ಡಾಕ್ಟರನ್ನು ದೂರಿ ನಾನು ನನ್ನದೇ ಕರ್ಮಸಿದ್ಧಾಂತಕ್ಕೆ ಬೀಳಬಾರದು. ಆ ಬುಧವಾರ ಮಧ್ಯಾಹ್ನದೊಳಗೆ ಅವರು ನೋಡಿ ಮುಗಿಸಬೇಕಿದ್ದ ಸಾಲು ಓಣಿಯ ತಿರುವು ದಾಟಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, 2023ರಲ್ಲಿ ಪ್ರಕಟವಾದ ಅಂಕಿ ಅದು. ಒಬ್ಬೊಬ್ಬರಿಗೂ ಕಾಲು ಗಂಟೆ ಕೊಡಿ ಎಂದರೆ ಡಾಕ್ಟರು ಊಟ ಬಿಡಬೇಕು. ಅದಕ್ಕೇ ಕೆಲಸವನ್ನು ಹಂಚಬೇಕು ಎನ್ನುವುದು. 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಇಂಥವನ್ನೇ ಮುಂದಿಟ್ಟರು: ಎಲ್ಲೆಡೆ ಒಂದೇ ಸರಳ ಔಷಧ ಕ್ರಮ, ತಪ್ಪದ ಮಾತ್ರೆ ಸರಬರಾಜು, ಅಳೆದು ಮಾತಾಡಿಸುವ ನರ್ಸು, ಮನೆಗೆ ಹತ್ತಿರದಲ್ಲೇ ಮಾತ್ರೆ ಸಿಗುವ ವ್ಯವಸ್ಥೆ, ಬಾರದವರನ್ನು ಗುರುತು ಹಿಡಿಯುವ ಲೆಕ್ಕ. ಕೇಳಲು ಸಪ್ಪೆ. ಆದರೆ ಲೆಕ್ಕ ಹಾಕಿ ನೋಡಿ: ನಮ್ಮ ಕಿಟಕಿಯಲ್ಲಿ ಆಗ ಕೊಡುತ್ತಿದ್ದದ್ದು ಹತ್ತು ದಿನದ ಮಾತ್ರೆ. ತಿಂಗಳಿಗೆ ಮೂರು ಸಲ ಬರಬೇಕು, ಮೂರು ದಿನದ ಕೂಲಿ ಹೋಗಬೇಕು. 2023ರ ಜೂನ್‌ನಲ್ಲಿ ಹೆಂಗಸರ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಆ ಹೆಂಗಸಿಗೆ ಬಸ್ ಚಾರ್ಜು ಉಳಿಯಿತು, ಕೂಲಿ ಉಳಿಯಲಿಲ್ಲ. ಹತ್ತು ದಿನದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಇಪ್ಪತ್ತು ದಿನ ಎಳೆಯುವುದು ಅವರ ಎರಡನೇ ಪ್ರಯೋಗವಾಗಿತ್ತು.

ನಾನು ದೊಡ್ಡದೇನೂ ಮಾಡಲಿಲ್ಲ. ಆ ಕೋಣೆಯ ನರ್ಸಮ್ಮನಿಗೆ, ಈಯಮ್ಮ ಉಣ್ಣುವುದು ಹನ್ನೊಂದಕ್ಕಂತೆ ಎಂದು ಹೇಳಿ ಬಂದೆ. ಆಕೆ ಮರುವಾರ ಅವರನ್ನು ಕೂರಿಸಿಕೊಂಡು ಕೇಳಿದರು, ಡಾಕ್ಟರ ಕಿವಿಗೂ ಹಾಕಿದರು. ಸಣ್ಣ ಮಾತ್ರೆ ಹನ್ನೊಂದು ಗಂಟೆಯ ಹಿಟ್ಟಿನ ಜೊತೆಗೆ ಹೋಯಿತು. ಹೊಸದಾಗಿ ಸೇರಿಸಿದ್ದನ್ನು ಕಿತ್ತರು. ಡಾಕ್ಟರೇ ಸಹಿ ಹಾಕಿ ಒಂದು ತಿಂಗಳ ಮಾತ್ರೆ ಕೊಡಿಸಿದರು. ಅವರು ಕೆಟ್ಟವರಲ್ಲ; ಅವರಿಗೆ ಗೊತ್ತಾಗಬೇಕಿತ್ತು.

ನಾಲ್ಕು ತಿಂಗಳ ಮೇಲೆ ಅದೇ ಕಟ್ಟೆಯಲ್ಲಿ ಮತ್ತೆ ಸಿಕ್ಕಿದರು. ಅಂಕಿ ನೂರ ತೊಂಬತ್ತಕ್ಕೆ ಬಂದಿತ್ತು. ಇನ್ನೂ ಜಾಸ್ತಿನೇ. ಒಳಗೆ ನರ್ಸಮ್ಮ ಕೇಳುತ್ತಿದ್ದದ್ದು ಬಾಗಿಲಲ್ಲಿ ನಿಂತ ನನಗೆ ಕೇಳಿಸಿತು. “ಹೋದ ತಿಂಗ್ಳು ಎಷ್ಟು ಸಲ ಮಾತ್ರೆ ತಪ್ತು ಅಕ್ಕಾ? ಎಲ್ರಿಗೂ ತಪ್ತದೆ, ಯೋಳಿ.”

ಆಕೆ ಎಲೆಯಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಮಾತ್ರೆ ಹಾಳೆ ತೆಗೆದು ಮೇಜಿನ ಮೇಲಿಟ್ಟು ಬೆರಳಿಟ್ಟು ಎಣಿಸಿದರು.

“ನಾಕು ತಪ್ಪದೆ ಕಣವ್ವ. ಎಲ್ಡು ದಿನ ತಿಥಿಗೋಗಿದ್ದೆ, ಎಲ್ಡು ದಿನ ಮಗ್ಳ ಮನೇಲಿದ್ದೆ, ಚೀಲ ಮರ್ತ್‌ಬಿಟ್ಟೆ.”

ನರ್ಸಮ್ಮ ಪುಸ್ತಕದಲ್ಲಿ ‘ತಪ್ಪಿದ್ದು 4’ ಎಂದು ಬರೆದುಕೊಂಡರು. ಮಗಳ ಮನೆ ಎಲ್ಲಿ ಎಂದು ಕೇಳಿ, ಒಂದು ಹಾಳೆ ಅಲ್ಲೂ ಇಟ್ಟಿರಿ ಎಂದು ಹೆಚ್ಚಿಗೆ ಒಂದು ಕೊಟ್ಟರು. ಆಕೆ ಹೊರಬಂದು, ಹನ್ನೆರಡರ ಬಸ್ಸು ಹೋಯ್ತಾ ಮೇಷ್ಟ್ರೇ ಎಂದು ಕೇಳಿದರು. ಇನ್ನೂ ಹತ್ತು ನಿಮಿಷವಿತ್ತು.